ತನಕಾ: ಎಲ್ಲಿ ತನಕ?

ಬರ್ಮಾದ ಬಗಾನ್ ಪಕ್ಕದ ನ್ಯಾಂಗ್ ಊ ಪೇಟೆಯಲ್ಲೊಂದು ಚಹಾದಂಗಡಿ. ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲು, ಮೇಜಿನ ಮೇಲೆ ದುಡ್ಡು ಕೇಳದ ಹಸಿರು ಚಹಾದ ಹೂಜಿ. ಹೂಜಿಯ ಪಕ್ಕ ಊಟದ ತಟ್ಟೆಯಷ್ಟಗಲದ ದುಂಡು ಕಲ್ಲು, ಗೇಣುದ್ದದ ಕೊರಡು. ಸುತ್ತ ಕೂತವರು ಶಾರದಕ್ಕ, ರಾಮಣ್ಣ, ಸುಮಾ, ವೆಂಕಿ.

"ಇದರ ಹೆಸರೇನಂದ್ರಿ, ಶಾರದಕ್ಕ?"

"ತನಕಾ. ಬರ್ಮಾದವರು ತೇದು ಮುಖಕ್ಕೆ ಹಚ್ಚೋದು."

"ಎಲ್ಲಿ ತನಕ?"

"ಕಿವಿಯಿಂದ ಕಿವಿ ತನಕ. ವೆಂಕಿ, ಈ ಜೋಕು ಇನ್ನೊಂದು ಸಲ ಬಂದ್ರೆ ನಿನ್ನ ಬಾಯಿಗೂ ಮೆತ್ತಿಬಿಡ್ತೀನಿ."

ರಾಮಣ್ಣ ಕಲ್ಲನ್ನ ತಟ್ಟಿ ನೋಡಿದ. "ಥೇಟ್ ನಮ್ಮ ದೇವರ ಮನೆ ಸಾಣೆಕಲ್ಲು."

"ಅದರ ದೊಡ್ಡಮ್ಮನ ಮಗಳು ಅನ್ನು. ಇವರು ಚೌಪ್ಯಿನ್ ಅಂತಾರೆ. ಅಂಚಲ್ಲಿ ಸುತ್ತಲೂ ಕಾಲುವೆ ಇದೆಯಲ್ಲ, ಹೆಚ್ಚಾದ ನೀರು ಅಲ್ಲಿಗೆ ಇಳಿಯುತ್ತೆ, ನಿಮ್ಮ ಪಂಚೆ ಮೇಲೆ ಇಳಿಯಲ್ಲ."

"ಕೊರಡು ಗಂಧದ್ದಾ?" ಸುಮಾ ಮೂಸಿ ಕೇಳಿದಳು.

"ವಾಸನೆ ಆ ಕಡೆ ಹೋಗುತ್ತೆ, ಮರ ಬೇರೆ. ಇದು ನಿಂಬೆ, ಬಿಲ್ವ, ಕರಿಬೇವಿನ ಬಳಗ. ನಮ್ಮ ಕಡೆ ಶಿವನ ಗುಡಿ ಅಂಗಳದಲ್ಲಿ ಮಹಾಬಿಲ್ವ ಅಂತ ನೆಡ್ತಾರಲ್ಲ, ಎಲೆದಂಟಿಗೇ ರೆಕ್ಕೆ ಕಟ್ಟಿದ ಹಾಗಿರುತ್ತೆ, ಅದೇ. ಸಸ್ಯಶಾಸ್ತ್ರದವರ ಪುಸ್ತಕದಲ್ಲಿ ನಾರಿಂಗಿ ಕ್ರೆನುಲೇಟಾ. ನಾವು ಎಲೆ ಕಿತ್ತು ಶಿವನ ತಲೆಗೆ ಏರಿಸಿದ್ವಿ, ಇವರು ತೊಗಟೆ ತೇದು ಕೆನ್ನೆಗೆ ಹಚ್ಚಿದ್ರು."

"ಎಲ್ಲಿಯ ಕೊರಡು ಒಳ್ಳೇದು?"

"ಶ್ವೇಬೋದ್ದು ಅಂತ ಒಬ್ಬರು, ಪಕೊಕ್ಕು ಹತ್ತಿರದ ಶಿನ್‌ಮಡೌಂಗ್‌ದು ಅಂತ ಇನ್ನೊಬ್ಬರು. ಧಾರವಾಡ ಪೇಢೆಯವರ ಮುಂದೆ ಬೆಳಗಾವಿ ಕುಂದಾ ಹೊಗಳಿದ ಹಾಗೆ, ತೀರ್ಪು ಕೊಡೋಕೆ ಹೋಗಬೇಡಿ. ಮರಕ್ಕೆ 35 ವರ್ಷವಾದರೂ ಆಗಿರಬೇಕು ಅನ್ನೋದು ಮಾತ್ರ ಇಬ್ಬರೂ ಒಪ್ಪೋ ಲೆಕ್ಕ."

"ನನಗಿಂತ ದೊಡ್ಡದು!" ಅಂದ ವೆಂಕಿ.

"ಬುದ್ಧೀಲೂ."

ವೆಂಕಿ ಕೊರಡೆತ್ತಿ ಕಲ್ಲಿನ ಮೇಲೆ ಲಂಬವಾಗಿ ನಿಲ್ಲಿಸಿ, ಹೂಜಿಯಿಂದ ಅರ್ಧ ಲೋಟ ಚಹಾ ಸುರಿಯೋಕೆ ಹೊರಟ. ಮೂರು ಕೈ ಒಟ್ಟಿಗೆ ತಡೆದವು.

"ಅಲ್ವೋ, ಚಹಾ ಅಲ್ಲ, ನೀರು! ಅದೂ ಅರ್ಧ ಲೋಟ ಅಲ್ಲ, ಅರ್ಧ ಚಮಚ. ಜಾಸ್ತಿ ಹಾಕಿದರೆ ಬಂದದ್ದೆಲ್ಲ ಕಾಲುವೆ ಪಾಲು, ಮುಖಕ್ಕೆ ಬರೀ ಹಳದಿ ನೀರು. ಮತ್ತೆ ಕೊರಡು ಹಾಗೆ ನಿಲ್ಲಿಸಬಾರದು."

"ನಮ್ಮ ತಾತ ಹಾಗೇ ತೇಯ್ತಿದ್ರು."

"ನಿಮ್ಮ ತಾತ ಗಂಧ ತೇಯ್ತಿದ್ರು. ಗಂಧದಲ್ಲಿ ಪರಿಮಳ ಇರೋದು ಒಳಗಿನ ಚೇಗಿನಲ್ಲಿ, ಅದಕ್ಕೆ ತುದಿ ಊರಿ ತೇಯೋದು. ಇಲ್ಲಿ ಬೇಕಾಗಿರೋದು ಮೈಮೇಲಿನ ತೊಗಟೆ. ಕೊರಡನ್ನ ಮಲಗಿಸು. ಎರಡೂ ತುದಿ ಹಿಡಿ. ಹಾಂ, ಈಗ ದುಂಡಗೆ ಸುತ್ತಿಸು, ಒತ್ತಬೇಡ."

ಕಲ್ಲು ಮೊದಲು ಗರಗರ ಅಂತಿತ್ತು. ಹತ್ತು ಸುತ್ತಿಗೆ ಸದ್ದು ಮೆತ್ತಗಾಯಿತು, ಇಪ್ಪತ್ತಕ್ಕೆ ಕಲ್ಲಿನ ಮೇಲೆ ಕೆನೆಬಣ್ಣದ ಗೆರೆ ಮೂಡಿತು. ಶಾರದಕ್ಕ ಬೆರಳಿಂದ ನಾಲ್ಕೇ ಹನಿ ನೀರು ಚಿಮುಕಿಸಿದರು.

"ಗರಗರ ಅಂದರೆ ನೀರು ಸಾಲದು ಅಂತ. ಹಾಗೇ ತೇದರೆ ಮುಖಕ್ಕೆ ಮರಳು ಹಚ್ಚಿಕೊಂಡ ಹಾಗೆ. ಆಗಾಗ ಕೊರಡು ತಿರುಗಿಸ್ತಾ ಇರು. ಒಂದೇ ಕಡೆ ತೇದ್ರೆ ತೊಗಟೆ ಮುಗಿದು ಬಿಳಿ ಮರ ಬರುತ್ತೆ. ಆಮೇಲೆ ಬರೋದು ಬಡಗಿ ಅಂಗಡಿ ಹಿಟ್ಟು."

"ಎಷ್ಟು ಬೇಕು?"

"ಒಂದು ಮುಖಕ್ಕೆ ಒಂದು ಚಮಚ ಧಾರಾಳ. ಹದ ಗೊತ್ತಾಗಬೇಕಾದರೆ ಕಲ್ಲನ್ನ ಓರೆ ಮಾಡು. ಸರ್ರಂತ ಹರಿದರೆ ನೀರು, ಕದಲದೇ ಇದ್ದರೆ ಗಟ್ಟಿ. ಸೋಮಾರಿ ಹಾಗೆ ಜಾರಬೇಕು."

"ರಾಮಣ್ಣ ಎದ್ದು ಹೊರಡೋ ಹಾಗೆ," ಅಂದಳು ಸುಮಾ.

ಹಚ್ಚೋ ಕೆಲಸ ಸುಮಾಗೆ ಬಂತು. ಮೊದಲು ಅಂಗೈಯಿಂದ ಮುಖವೆಲ್ಲ ತೆಳ್ಳಗೆ ಒಂದು ಕೋಟು. ಅದರ ಮೇಲೆ ಕೆನ್ನೆಗೆ ಮಾತ್ರ ದಪ್ಪ ಬಿಲ್ಲೆ. ಬಿಲ್ಲೆ ಹಸಿ ಇರೋವಾಗಲೇ ಹೊಸ ಟೂತ್‌ಬ್ರಷ್ಷಿನಿಂದ ಒಂದೇ ಸಲ ಎಳೆದರೆ ಸಾಲು ಸಾಲು ಗೆರೆ. ಎರಡನೇ ಸಲ ಎಳೆದರೆ ಉತ್ತ ಹೊಲ. ಎಲೆಯೊಂದನ್ನ ಅಚ್ಚಿನ ಹಾಗಿಟ್ಟು ಹಚ್ಚಿ ತೆಗೆಯೋರೂ ಇದ್ದಾರೆ.

"ಆಹಾ, ತಣ್ಣಗಿದೆ," ಅಂದ ವೆಂಕಿ.

"ನೀರು ಆರೋವಾಗಿನ ತಂಪು ಅದು. ಪೂರ್ತಿ ಒಣಗಿದ ಮೇಲೆ ಬಿಗಿಯುತ್ತೆ, ಎಣ್ಣೆ ಜಿಡ್ಡು ಹೀರುತ್ತೆ."

"ಬಿಸಿಲು ತಡೆಯುತ್ತಂತಲ್ಲ?"

"ತೊಗಟೆಯಲ್ಲಿ ಮಾರ್ಮೆಸಿನ್ ಅಂತ ಒಂದಿದೆ, ನೇರಳಾತೀತ ಕಿರಣ ಹೀರುತ್ತೆ, ಸುಳ್ಳಲ್ಲ. ಆದರೆ ಬಿಲ್ಲೆ ಇರೋದು ಕೆನ್ನೆ ಮೇಲೆ, ಬಿಸಿಲು ಬೀಳೋದು ಮೂಗಿನ ತುದಿ ಮೇಲೆ. ಬಗಾನಿನ ಮಧ್ಯಾಹ್ನದಲ್ಲಿ ಸೈಕಲ್ ತುಳಿಯೋನು ಇದನ್ನೇ ನಂಬಿದರೆ ಸಂಜೆಗೆ ಕೆನ್ನೆ ಮಾತ್ರ ಬೆಳ್ಳಗೆ, ಮಿಕ್ಕಿದ್ದೆಲ್ಲ ಸುಟ್ಟ ಬದನೆಕಾಯಿ. ಟೋಪಿನೂ ಬೇಕು, ಸನ್‌ಸ್ಕ್ರೀನೂ ಬೇಕು. ಇನ್ನೊಂದು, ನಿಂಬೆ ಬಳಗ ಅಂದೆನಲ್ಲ, ಕೆಲವರಿಗೆ ಆಗಿಬರಲ್ಲ. ಮೊದಲು ಮೊಣಕೈ ಒಳಗಡೆ ಹಚ್ಚಿ ಒಂದು ದಿನ ನೋಡಬೇಕು."

ವೆಂಕಿ ಮುಟ್ಟಿ ಮುಟ್ಟಿ ನೋಡಿಕೊಂಡ. "ಈಗ ಹೇಳ್ತೀರಾ!"

"ನೀನು ಯಾವಾಗ ಕೇಳಿದೆ?"

"ಡಬ್ಬಿಯಲ್ಲಿ ಪುಡಿ ಸಿಗುತ್ತಲ್ಲ, ಈ ಒದ್ದಾಟ ಯಾಕೆ?" ರಾಮಣ್ಣನ ಪ್ರಶ್ನೆ.

"ಪುಡಿಯಲ್ಲಿ ತೊಗಟೆ ಎಷ್ಟು, ಸುಗಂಧ ಎಷ್ಟು, ಸೀಮೆಸುಣ್ಣ ಎಷ್ಟು ಅಂತ ಡಬ್ಬಿ ಹೇಳಲ್ಲ. ಕೊರಡು ಎದುರಿಗೇ ಇರುತ್ತೆ. ಆದ್ರೆ ತೇದ ಮೇಲೆ ನೆರಳಲ್ಲಿ ಒಣಗಿಸಿ ಎತ್ತಿಡಿ. ಒದ್ದೆ ಕೊರಡನ್ನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿದರೆ ಊರು ಸೇರೋದರೊಳಗೆ ಬೂಷ್ಟು. ಕಲ್ಲು ಬಟ್ಟೆ ಸುತ್ತಿ ಒಯ್ಯಿ. ಬಾಗೋದ ಶ್ವೆಮಾಡೋ ಪಗೋಡದಲ್ಲಿ ದೊರೆ ಬಯಿನ್ನೌಂಗನ ಮಗಳು ರಾಜಧಾತುಕಲ್ಯಾಳದ್ದು ಅನ್ನೋ ಕಲ್ಲಿದೆ. ಆ ಪಗೋಡ ಬೀಳೋಕೆ 1930ರ ಭೂಕಂಪವೇ ಬೇಕಾಯ್ತು. ನಿನ್ನ ಕಲ್ಲು ಒಡೆಯೋಕೆ ಏರ್‌ಪೋರ್ಟಿನ ಬೆಲ್ಟೇ ಸಾಕು."

"ತಲೆಗೇನು ಹಾಕ್ಕೋತಾರೆ ಇವರು?"

"ತಯೊ ಕಿನ್‌ಪುನ್. ಕಿನ್‌ಪುನ್ ಅಂದರೆ ಬೇರೇನಲ್ಲ, ನಮ್ಮ ಸೀಗೆಕಾಯಿ! ತಯೊ ಒಂದು ಪೊದೆ, ಅದರ ತೊಗಟೆ ನೆನೆದರೆ ಲೋಳೆ ಬಿಡುತ್ತೆ, ದಾಸವಾಳದ ಎಲೆ ಕಿವುಚಿದ ಹಾಗೆ. ಸೀಗೆ ಕುದಿಸಿ ಅದರ ಜೊತೆ ಬೆರೆಸ್ತಾರೆ. ಸೀಗೆ ಒಂದೇ ಆದರೆ ಕೂದಲು ಒರಟು, ಲೋಳೆ ಅದನ್ನ ಜಾರಿಸುತ್ತೆ. ಏಪ್ರಿಲ್ಲಿನ ತಿಂಜಾನ್ ಹೊಸ ವರ್ಷದಲ್ಲಿ ಹಿರಿಯರನ್ನ ಕೂರಿಸಿ ಕಿರಿಯರು ಇದರಲ್ಲೇ ತಲೆ ತೊಳೀತಾರೆ."

"ಅಂದರೆ ಯುಗಾದಿ ಎಣ್ಣೆ ಸ್ನಾನ."

"ಎಣ್ಣೆ ಇಲ್ಲ, ಕಣ್ಣುರಿ ಇದೆ. ಸೀಗೆ ಕಣ್ಣಿಗೆ ಹೋದರೆ ಬರ್ಮಾದಲ್ಲೂ ಉರಿಯೋದೇ."

ಸುಮಾ ನಕ್ಕಳು. ವೆಂಕಿಯೂ ನಗೋಕೆ ಹೋದ, ಎಡಗೆನ್ನೆಯ ಬಿಲ್ಲೆ ಬೇಸಿಗೆ ಕೆರೆಯಂಗಳದ ಹಾಗೆ ಬಿರುಕುಬಿಟ್ಟು ಒಂದು ಚಕ್ಕೆ ಚಹಾದೊಳಗೆ ಬಿತ್ತು.

"ದಪ್ಪ ಆಯ್ತು, ಸುಮಾ," ಅಂದರು ಶಾರದಕ್ಕ. "ಇನ್ನು ಇವನು ತೊಳೆಯೋವರೆಗೂ ನಗೋ ಹಾಗಿಲ್ಲ."

ವೆಂಕಿ ತುಟಿ ಅಲುಗದ ಹಾಗೆ, ಹಲ್ಲಿನ ಸಂದಿಯಿಂದ ಕೇಳಿದ: "ಎಲ್ಲಿ ತನಕ?"

ಶಾರದಕ್ಕ ಕಲ್ಲಿನ ಕಾಲುವೆಯಲ್ಲಿ ಉಳಿದದ್ದನ್ನ ಎರಡು ಬೆರಳಲ್ಲಿ ಬಳಿದುಕೊಂಡರು.