ಲ್ಯಾಪ್‌ಟಾಪ್ ಆನ್ ಆಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು (ಅರ್ಜೆಂಟ್!!)

ತೊಗರಿಕಣಜ, ಕಲಬುರಗಿ
ಸಾಕಾಗಿ ಹೋಗಿದೆ. ಲ್ಯಾಪ್‌ಟಾಪ್ ಮೇಲೆ ಸ್ವಲ್ಪ ನೀರು ಬಿತ್ತು, ಆಗಿನಿಂದ ಸ್ಕ್ರೀನ್ ಕಪ್ಪು. ಫ್ಯಾನ್ ತಿರುಗುತ್ತೆ, ಚಾರ್ಜಿಂಗ್ ಲೈಟ್ ಬರುತ್ತೆ. ಇಪ್ಪತ್ತು ಸಲ ಆಫ್ ಮಾಡಿ ಆನ್ ಮಾಡಿದೆ. ಅಂಗಡಿಯವನು ಬಿಚ್ಚಿಯೂ ನೋಡದೆ “ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ” ಅಂದ. ಸೋಮವಾರ ಆಫೀಸಿಗೆ ಫೈಲ್ ಕೊಡಬೇಕು. ಗೊತ್ತಿದ್ದವರು ಮಾತ್ರ ಹೇಳಿ.

ಶಹಾಬಾದ್_ಪರಸಿ
ರ್‍ಯಾಮ್. ಯೋಚನೆನೇ ಬೇಡ. ತೆಗೆದು, ಪೆನ್ಸಿಲ್ ರಬ್ಬರಿನಿಂದ ಆ ಬಂಗಾರದ ಬಣ್ಣದ ಹಲ್ಲು ಉಜ್ಜಿ ಮತ್ತೆ ಹಾಕಿ. ನಾನು ಹತ್ತು ಲ್ಯಾಪ್‌ಟಾಪ್ ಹೀಗೇ ಸರಿ ಮಾಡಿದ್ದೇನೆ.

ಸೇಡಂ_ಸೋಲ್ಡರ್
ಮೊದಲು ಚಾರ್ಜರ್ ಕೀಳಿ. ಯಾವ ಮಾಡೆಲ್? ಎಷ್ಟು ಬಿತ್ತು, ಎಲ್ಲಿ ಬಿತ್ತು, ಎಷ್ಟು ದಿನ ಆಯ್ತು? ಇದೇನೂ ಹೇಳದೆ “ಗೊತ್ತಿದ್ದವರು ಮಾತ್ರ” ಅಂದರೆ ಹೇಗ್ರೀ?
ಇಪ್ಪತ್ತು ಸಲ ಆನ್ ಮಾಡಿದ್ದೀರಿ, ಇನ್ನೊಂದೇ ಸಲ ಮಾಡಿ. ಕೋಣೆ ಕತ್ತಲೆ ಇರಲಿ. ಮೊಬೈಲ್ ಟಾರ್ಚ್ ಅನ್ನು ಸ್ಕ್ರೀನಿಗೆ ಓರೆಯಾಗಿ ಹಿಡಿಯಿರಿ. ಒಳಗೆ ಮಸುಕಾಗಿ ಚಿತ್ರ ಕಂಡರೆ ಸ್ಕ್ರೀನ್ ಜೀವಂತ ಇದೆ, ಹಿಂದಿನ ಬೆಳಕು ಮಾತ್ರ ಹೋಗಿದೆ.

ಗುರುಮಠಕಲ್_07
ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಇಡಿ. ನಮ್ಮ ಅಕ್ಕನ ಮೊಬೈಲ್ ಹಾಗೇ ಬದುಕಿತು.

ಸೇಡಂ_ಸೋಲ್ಡರ್
ಅಕ್ಕಿ ಏನೂ ಎಳೆಯಲ್ಲ. ಅದರ ಪುಡಿ ಪೋರ್ಟ್ ಒಳಗೆ ಕೂರುತ್ತೆ, ಅಷ್ಟೇ. ಕಲಬುರಗಿಯ ಮೇ ತಿಂಗಳಿಗೆ ಒಣಗಿಸೋಕೆ ಅಕ್ಕಿ ಬೇಕಾ?

ಗುರುಮಠಕಲ್_07
ಹಾಗಾದರೆ ಮೊಬೈಲ್ ಹೇಗೆ ಬದುಕಿತು, ಅದನ್ನ ಹೇಳಿ.

ಬೀದರ್_ಹುಡುಗ
ತೊಗರಿಕಣಜ ಅಂತ ಹೆಸರಿಟ್ಟುಕೊಂಡವರಿಗೆ ಅಕ್ಕಿ ಹೇಳ್ತೀರಲ್ಲ, ಬೇಳೆ ಡಬ್ಬಿ ಹೇಳಿ 😀
ನನ್ನದೂ ಒಂದು ಸಮಸ್ಯೆ ಇದೆ. ಸ್ಕ್ರೀನಿನಲ್ಲಿ ಒಂದು ಬಿಳಿ ಗೆರೆ ಬಂದಿದೆ, ಮೇಲಿಂದ ಕೆಳಗೆ. ಏನದು?

ತೊಗರಿಕಣಜ, ಕಲಬುರಗಿ
ಟಾರ್ಚ್ ಹಿಡಿದೆ. ಪಾಸ್‌ವರ್ಡ್ ಕೇಳುವ ಪುಟ ಮಸುಕಾಗಿ ಕಾಣ್ತಿದೆ! ಎಚ್‌ಡಿಎಂಐ ಹಾಕಿದರೆ ಟಿವಿಯಲ್ಲಿ ಸ್ಪಷ್ಟವಾಗಿ ಬರುತ್ತೆ. ಅದನ್ನ ಮೊದಲ ದಿನವೇ ನೋಡಿದ್ದೆ, ಹೇಳೋದು ಮರೆತೆ. ಬಿದ್ದು ಐದು ದಿನ ಆಯ್ತು.

ಸೇಡಂ_ಸೋಲ್ಡರ್
ಇದನ್ನ ಮೊದಲೇ ಹೇಳಬೇಕಿತ್ತು ಮಾರಾಯ್ರೇ. ಟಿವಿಯಲ್ಲಿ ಚಿತ್ರ ಬಂತು ಅಂದರೆ ರ್‍ಯಾಮ್ ಸರಿ ಇದೆ. ಉಳಿದಿದ್ದು ಸ್ಕ್ರೀನ್ ಕೇಬಲ್, ಕನೆಕ್ಟರ್, ಇಲ್ಲಾ ಅದರ ಪಕ್ಕದ ಬ್ಯಾಕ್‌ಲೈಟ್ ಫ್ಯೂಸ್. ಟಿವಿಗೆ ಹಾಕಿ ಫೈಲನ್ನೆಲ್ಲಾ ಪೆನ್‌ಡ್ರೈವ್‌ಗೆ ತಗೊಂಡು ಆಫ್ ಮಾಡಿ. ಆಮೇಲೆ ಮುಟ್ಟಬೇಡಿ.

ಶಹಾಬಾದ್_ಪರಸಿ
ಟಿವಿಯಲ್ಲಿ ಬಂದರೂ ರ್‍ಯಾಮ್ ಇರಬಹುದು. ಎರಡು ಸ್ಲಾಟ್ ಇರುತ್ತವೆ. ಒಂದು ಸಲ ಉಜ್ಜಿದರೆ ಏನು ಹೋಗುತ್ತೆ?

ಜೇವರ್ಗಿ_ಗೇಮರ್
ಅದಕ್ಕೇ ನಾನು ಡೆಸ್ಕ್‌ಟಾಪ್ ಬಿಡೋದಿಲ್ಲ. ಎರಡು 27 ಇಂಚಿನ ಮಾನಿಟರ್, ಕರೆಂಟ್ ಹೋದರೆ ಯುಪಿಎಸ್, ಕ್ಯಾಬಿನೆಟ್‌ಗೆ ಆರು ಫ್ಯಾನ್. 43 ಡಿಗ್ರಿ ಬಿಸಿಲಿನಲ್ಲೂ ಸಿಪಿಯು ಎಪ್ಪತ್ತು ದಾಟಲ್ಲ. ಫೋಟೋ ಹಾಕಲಾ?

ಸೇಡಂ_ಸೋಲ್ಡರ್
ಬೇಡ.
ತೊಗರಿಕಣಜ ಅವರೇ, ಬಿದ್ದಿದ್ದು ಬರೀ ನೀರೇ ತಾನೇ? ಕುಡಿಯೋ ನೀರಾ, ಕೂಲರ್‌ಗೆ ಹಾಕೋ ಬೋರ್ ನೀರಾ?

ತೊಗರಿಕಣಜ, ಕಲಬುರಗಿ
ಮಜ್ಜಿಗೆ. ಅದರಲ್ಲಿ ನೀರೇ ಜಾಸ್ತಿ ಅಲ್ವಾ? ಅರ್ಧ ಲೋಟ, ಸ್ಕ್ರೀನಿನ ಬುಡದಲ್ಲೇ ಬಿತ್ತು. ಲ್ಯಾಪ್‌ಟಾಪ್ ಮಗುಚಿ ಒರೆಸಿದೆ.

ಸೇಡಂ_ಸೋಲ್ಡರ್
ಉಪ್ಪು ಹಾಕಿತ್ತಾ?

ತೊಗರಿಕಣಜ, ಕಲಬುರಗಿ
ಉಪ್ಪಿಲ್ಲದ ಮಜ್ಜಿಗೆ ಯಾರು ಕುಡಿತಾರೆ?

ಸೇಡಂ_ಸೋಲ್ಡರ್
ಐದು ದಿನದಿಂದ “ನೀರು” ಅಂತಿದ್ದೀರಿ! ನೀರು ಒಣಗಿ ಹೋಗುತ್ತೆ. ಉಪ್ಪು, ಹುಳಿ, ಹಾಲಿನ ಜಿಡ್ಡು ಎಲ್ಲಾ ಅಲ್ಲೇ ಉಳಿಯುತ್ತೆ. ಸ್ಕ್ರೀನ್ ಕನೆಕ್ಟರ್‌ನ ಪಿನ್ನುಗಳ ನಡುವೆ ಕೂದಲೆಳೆ ಜಾಗ. ಬ್ಯಾಕ್‌ಲೈಟ್ ಲೈನಿನಲ್ಲಿ 19 ವೋಲ್ಟ್‌ವರೆಗೂ ಇರಬಹುದು, ಹತ್ತಿರದ ಲೈನಿನಲ್ಲಿ ಬರೀ 3.3. ಉಪ್ಪು ಇವೆರಡನ್ನೂ ಕೂಡಿಸಿದರೆ ಬೋರ್ಡೇ ಸುಡಬಹುದು. ಫ್ಯೂಸ್ ಮಾತ್ರ ಹೋಗಿದ್ದರೆ ನಿಮ್ಮ ಪುಣ್ಯ.

ಬೀದರ್_ಹುಡುಗ
ನಮ್ಮಲ್ಲಿ ಬಿದ್ರಿ ಕೆಲಸದವರು ಕೋಟೆ ಮಣ್ಣು ಹಾಕಿ ಸತು-ತಾಮ್ರದ ಲೋಹ ಕಪ್ಪು ಮಾಡ್ತಾರೆ, ಬೆಳ್ಳಿ ಹಾಗೇ ಹೊಳೆಯುತ್ತೆ. ಇವರು ಮಜ್ಜಿಗೆ ಹಾಕಿ ಮಾಡಿದ್ದಾರೆ.
ನನ್ನ ಗೆರೆ?

ತೊಗರಿಕಣಜ, ಕಲಬುರಗಿ
ಬಿಚ್ಚಿದೆ. ಕನೆಕ್ಟರ್ ಬಾಯಿಯಲ್ಲಿ ಬಿಳಿ ಪುಡಿ, ತುದಿಯ ಮೂರ್ನಾಲ್ಕು ಪಿನ್ನುಗಳ ಮೇಲೆ ಹಸಿರು. ಹತ್ತಿರ ಹೋದರೆ ಹುಳಿ ವಾಸನೆ. ಸ್ಯಾನಿಟೈಸರ್ ಹಾಕಿ ಒರೆಸಲಾ? ಮನೆಯಲ್ಲಿ ಅದೇ ಇದೆ.

ಸೇಡಂ_ಸೋಲ್ಡರ್
ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಇರುತ್ತೆ, ಗ್ಲಿಸರಿನ್ನೂ ಇರುತ್ತೆ. 99% ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ತಗೊಳ್ಳಿ. ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ, ಆಮೇಲೇ ಸ್ಕ್ರೀನ್ ಕೇಬಲ್ ಮುಟ್ಟಿ. ಉಲ್ಟಾ ಮಾಡಿದರೆ ಚೆನ್ನಾಗಿದ್ದ ಫ್ಯೂಸ್ ಕೂಡ ಹೋಗುತ್ತೆ. ಹಳೇ ಟೂತ್‌ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಪೂರ್ತಿ ಆರಲು ಬಿಡಿ. ಕನೆಕ್ಟರ್ ಪಕ್ಕ ಎಳ್ಳಿನ ಕಾಳಿನಷ್ಟು ಚಿಕ್ಕದೊಂದು ಭಾಗ, ಹತ್ತಿರ ಎಫ್ ಅಕ್ಷರ ಇರುತ್ತೆ. ಮಲ್ಟಿಮೀಟರ್ ಬೀಪ್‌ನಲ್ಲಿಟ್ಟು ಎರಡೂ ತುದಿ ಮುಟ್ಟಿಸಿ. ಕೂಗಲಿಲ್ಲ ಅಂದರೆ ಫ್ಯೂಸ್ ಹೋಗಿದೆ.

ತೊಗರಿಕಣಜ, ಕಲಬುರಗಿ
ಬ್ಯಾಟರಿ ಮೊದಲು ಬಿಡಿಸಬೇಕಿತ್ತಾ?

ಸೇಡಂ_ಸೋಲ್ಡರ್
ಕೇಬಲ್ ಆಗಲೇ ಕಿತ್ತಿದ್ದೀರಾ?

(ಒಂಬತ್ತು ದಿನ ಯಾರೂ ಏನೂ ಬರೆದಿಲ್ಲ)

ಜೇವರ್ಗಿ_ಗೇಮರ್
ಏನಾಯ್ತ್ರೀ? ಮಜ್ಜಿಗೆ ಕಥೆ ಅರ್ಧಕ್ಕೇ ನಿಂತಿತು.

ತೊಗರಿಕಣಜ, ಕಲಬುರಗಿ
ಕ್ಷಮಿಸಿ, ಫೈಲ್ ಕೊಟ್ಟ ಮೇಲೆ ಈ ಕಡೆ ಬರಲೇ ಇಲ್ಲ. ಮೀಟರ್ ಕೂಗಲಿಲ್ಲ. ಅಷ್ಟು ಚಿಕ್ಕದಕ್ಕೆ ಕಾವು ಕೊಡುವ ಧೈರ್ಯ ನನಗಿಲ್ಲ, ಸೂಪರ್ ಮಾರ್ಕೆಟ್ ಕಡೆ ಇನ್ನೊಬ್ಬರ ಹತ್ತಿರ ಒಯ್ದೆ. ಅವರು ಕನೆಕ್ಟರ್ ತೊಳೆದು, ಹಳೇ ಬೋರ್ಡಿನದೊಂದು ಫ್ಯೂಸ್ ಕಿತ್ತು ಕೂರಿಸಿದರು. ಬೆಳಕು ಬಂತು. ಕೆಳಗಿನ ಮೂಲೆಯಲ್ಲಿ ಬಳೆಯಷ್ಟು ದೊಡ್ಡ ಕಲೆ ಉಳಿದಿದೆ, ಮಜ್ಜಿಗೆ ಸ್ಕ್ರೀನ್ ಪದರದೊಳಗೇ ಇಳಿದಿದೆಯಂತೆ. ಇರಲಿ. ಸೋಲ್ಡರ್ ಅಣ್ಣಾ, ಭಾಳ ಉಪಕಾರ ಆಯ್ತು.

ಶಹಾಬಾದ್_ಪರಸಿ
ಬಿಚ್ಚಿದಾಗ ಅವರು ರ್‍ಯಾಮ್ ತೆಗೆದು ಹಾಕಿರ್ತಾರೆ, ಕೇಳಿ ನೋಡಿ.

ಬೀದರ್_ಹುಡುಗ
ಈಗ ಎರಡು ಗೆರೆ ಆಗಿವೆ.