ವೆಸ್ಟ್ ವರ್ಜೀನಿಯಾದ ಹಳೇ ಗಣಿ ದಾರಿಗೆ ಜೀಪ್ ತಗೊಂಡು ಹೋಗಬಹುದಾ?

ನಾವು ನಾಲ್ಕು ಜನ ಷಾರ್ಲೆಟ್‌ನಿಂದ ಅಲ್ಲಿನ ಹ್ಯಾಟ್‌ಫೀಲ್ಡ್-ಮೆಕಾಯ್ ಟ್ರೇಲ್ಸ್‌ಗೆ (ಗುಡ್ಡಗಾಡಿನ ಆಫ್-ರೋಡ್ ದಾರಿಗಳು) ಹೊರಟಿದ್ದೇವೆ. ನಮ್ಮ ಜೀಪೇ ಸಾಕಾ, ಇಲ್ಲ ಅಲ್ಲೇ ಗಾಡಿ ಬಾಡಿಗೆಗೆ ಹಿಡಿಯಬೇಕಾ? ಹೋಗಿ ಬಂದವರು ಹೇಳಿ.

ಉತ್ತರ 1: ಜೀಪ್ ಎಲ್ಲಾ ಕಡೆ ಬಿಡಲ್ಲ. ಹೆಚ್ಚಿನ ದಾರಿಗಳು ಎಟಿವಿ (ನಾಲ್ಕು ಚಕ್ರದ ಬೈಕಿನಂಥ ಗಾಡಿ), ಸೈಡ್-ಬೈ-ಸೈಡ್ (ಅಕ್ಕಪಕ್ಕ ಸೀಟಿರುವ ಸಣ್ಣ ಆಫ್-ರೋಡ್ ಗಾಡಿ), ಡರ್ಟ್ ಬೈಕ್‌ಗೆ ಮಾತ್ರ, ಜೀಪ್ ಆದರೆ ಅಲ್ಲಿನ ಐವಿ ಬ್ರಾಂಚ್ ಅನ್ನೋ ಟ್ರೇಲ್ ನೋಡಿ. ಪರ್ಮಿಟ್ ಬೇಕೇ ಬೇಕು. ಹಸಿರು ಗುರುತಿನ ದಾರಿ ಸುಲಭ, ಕಪ್ಪು ಗುರುತಿನದಕ್ಕೆ ಮೊದಲ ದಿನವೇ ಕೈ ಹಾಕಬೇಡಿ.

ಉತ್ತರ 2: ಮಳೆ ಬಿದ್ದ ಮಾರನೇ ದಿನ ನಾನು ಹೋಗಿದ್ದೆ. ಕಲ್ಲಿದ್ದಲ ಪುಡಿ ಸೇರಿದ ಕಪ್ಪು ಕೆಸರು, ನೋಡಿದರೆ ಸಣ್ಣ ಹೊಂಡ ಅನಿಸಿತು, ಇಳಿಸಿದ ಕೂಡಲೇ ಆಕ್ಸಲ್‌ವರೆಗೂ ಮುಳುಗಿ ಒಂದು ಗಂಟೆ ವಿಂಚ್ (ಗಾಡಿ ಎಳೆಯುವ ಹಗ್ಗದ ಯಂತ್ರ) ಹಾಕಿ ಎಳೆದೆವು. ಮೊದಲು ಕೋಲು ಹಾಕಿ ಆಳ ನೋಡಿ. ಹಳೇ ಗಣಿ ಬಾಯಿ ಕಂಡರೆ ದಯವಿಟ್ಟು ಒಳಗೆ ಹೋಗಬೇಡಿ, ಅಲ್ಲಿನ ಗಾಳಿಯೇ ಜೀವ ತೆಗೆಯಬಹುದು.

ಉತ್ತರ 3: ಮೇಟ್‌ವಾನ್ ಊರನ್ನು ಮಾತ್ರ ಬಿಡಬೇಡಿ. 1920ರಲ್ಲಿ ಗಣಿ ಕಾರ್ಮಿಕರನ್ನು ಮನೆಯಿಂದ ಹೊರಗೆ ಹಾಕಲು ಬಂದಿದ್ದ ಕಂಪನಿ ಕಡೆಯವರಿಗೂ ಊರಿನವರಿಗೂ ಗುಂಡಿನ ಕಾಳಗ ಆದ ಜಾಗ ಅದು. ಇಟ್ಟಿಗೆ ಗೋಡೆಯಲ್ಲಿ ಗುಂಡಿನ ತೂತುಗಳು ಈಗಲೂ ಇವೆ. ಒಂದರಲ್ಲಿ ಬೆರಳಿಟ್ಟು ತುಂಬಾ ಹೊತ್ತು ನಿಂತಿದ್ದೆ.