ದೊಮ್ಮಸಂದ್ರದಂಥ ಹೊರವಲಯಕ್ಕೆ ಎಂಥ ಬಸ್ ಸೇವೆ ಕೇಳಬೇಕು?

ಪ್ರಶ್ನೆ – ದೊಮ್ಮಸಂದ್ರ ನಿವಾಸಿ

ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ದೊಡ್ಡಕನ್ನೆಲ್ಲಿ ದಾಟಿ ಕೊಡತಿ, ದೊಮ್ಮಸಂದ್ರದ ಕಡೆಗೆ ಬಂದರೆ, ಮೊದಲು ರಾಗಿ ಹೊಲ, ನೀಲಗಿರಿ ತೋಪುಗಳಿದ್ದ ಜಾಗದಲ್ಲೆಲ್ಲ ಈಗ ಬಡಾವಣೆಗಳೂ ಅಪಾರ್ಟ್‌ಮೆಂಟ್‌ಗಳೂ ಎದ್ದಿವೆ. ಇಲ್ಲಿನ ಬಹುತೇಕ ಮನೆಗಳವರು ಹಾಲು ತರುವುದಕ್ಕೂ ಗಾಡಿ ತೆಗೆಯುತ್ತಾರೆ. ಕಡುಗೋಡಿವರೆಗಿನ ನೇರಳೆ ಮಾರ್ಗದ ಮೆಟ್ರೋ 2023ರ ಅಕ್ಟೋಬರ್‌ನಲ್ಲಿ ಪೂರ್ಣಗೊಂಡಿತು. ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾಯಿತು. ನಾವು ಈ ಎರಡು ಕೊನೆಯ ನಿಲ್ದಾಣಗಳ ನಡುವೆ ಇದ್ದೇವೆ. ಆದರೆ ಎರಡಕ್ಕೂ ನಡೆದು ಹೋಗುವ ದೂರದಲ್ಲಿಲ್ಲ.

ನಮ್ಮ ನಿವಾಸಿಗಳ ಸಂಘವು ಸಾರಿಗೆ ಇಲಾಖೆಗೆ ಕೊಡಲು ಮನವಿಯೊಂದನ್ನು ಸಿದ್ಧಪಡಿಸುತ್ತಿದೆ. ಪ್ರತಿಯೊಂದು ಬಡಾವಣೆಯ ಗೇಟಿನವರೆಗೂ ಮಿನಿ ಬಸ್ ಬರಬೇಕು ಎಂಬುದು ಹೆಚ್ಚಿನವರ ಬೇಡಿಕೆ. ಮುಖ್ಯ ರಸ್ತೆಯಲ್ಲೇ ಬಸ್ಸುಗಳನ್ನು ಹೆಚ್ಚಿಸಿದರೆ ಸಾಕು ಎಂದು ಕೆಲವರು ಹೇಳುತ್ತಿದ್ದಾರೆ. ಎರಡನ್ನೂ ಕೇಳಿದರೆ ಎರಡೂ ಸಿಗುವುದಿಲ್ಲವೆಂಬ ಅಳುಕು ನನ್ನದು. ಸಾರಿಗೆಯ ಒಳಹೊರಗು ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ 1 – ನಿವೃತ್ತ ಸಂಚಾರ ನಿಯಂತ್ರಕ

ಮಾನ್ಯರೇ, ಶೆಡ್ಯೂಲ್ ಹಾಕುವವರ ಮೇಜಿನ ಮೇಲೆ ನಿಮ್ಮ ಮನವಿ ಬಂದಾಗ ಅವರು ಮೊದಲು ಮಾಡುವ ಲೆಕ್ಕವನ್ನು ನೀವೂ ಮಾಡಿ ನೋಡಿ. ದೊಮ್ಮಸಂದ್ರದಿಂದ ಚಂದಾಪುರದ ಮೇಲೆ ಬೊಮ್ಮಸಂದ್ರ ಮೆಟ್ರೋಗೆ ಹೋಗಿ, ಸ್ವಲ್ಪ ನಿಂತು, ಮರಳಿ ಬರುವುದಕ್ಕೆ 90 ನಿಮಿಷ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ನಿಮಗೆ 6 ಬಸ್ಸು ಸಿಕ್ಕಿ, ಅಷ್ಟನ್ನೂ ಈ ಒಂದೇ ಮಾರ್ಗಕ್ಕೆ ಬಿಟ್ಟರೆ 15 ನಿಮಿಷಕ್ಕೊಂದು ಬಸ್ಸು ಬರುತ್ತದೆ. ಅದೇ ಆರನ್ನು ಮೂರು ಬಡಾವಣೆಗಳ ಹೆಸರಿನಲ್ಲಿ ಮೂರು ಮಾರ್ಗಗಳಿಗೆ ಹಂಚಿದರೆ, ಒಂದೊಂದರಲ್ಲೂ 45 ನಿಮಿಷಕ್ಕೊಂದು ಬಸ್ಸು ಮಾತ್ರ ಉಳಿಯುತ್ತದೆ; ಬಡಾವಣೆಯೊಳಗೆ ಸುತ್ತುವುದಕ್ಕೆ ಹಿಡಿಯುವ ಸಮಯವನ್ನು ನಾನು ಇನ್ನೂ ಸೇರಿಸಿಲ್ಲ. ಮನೆಯಲ್ಲಿ ಕಾರು ಇರುವವರು 45 ನಿಮಿಷದ ಬಸ್ಸಿಗಾಗಿ ಕಾಯುವುದಿಲ್ಲ. ಆಗ ಬಸ್ಸು ಖಾಲಿ ಓಡುತ್ತದೆ, ಕಿಲೋಮೀಟರಿಗೆ ಬರುವ ಆದಾಯ ಕುಸಿಯುತ್ತದೆ, ಮುಂದಿನ ಪರಿಶೀಲನೆಯಲ್ಲಿ ಮೊದಲು ಕತ್ತರಿ ಬೀಳುವುದೇ ಆ ಮಾರ್ಗಕ್ಕೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಚಂದಾಪುರ ವೃತ್ತದಲ್ಲಿಯೂ ಹಾದಿಯ ಸಂತೆಬೀದಿಗಳಲ್ಲಿಯೂ ಬಸ್ಸು ಸಿಕ್ಕಿಕೊಂಡು 90 ನಿಮಿಷದ ಸುತ್ತು 120 ನಿಮಿಷವಾದರೆ, ಅದೇ 6 ಬಸ್ಸುಗಳಿಂದ 20 ನಿಮಿಷಕ್ಕೊಂದನ್ನಷ್ಟೇ ಕೊಡಲು ಸಾಧ್ಯ. 15 ನಿಮಿಷದ ಮಾತನ್ನು ಉಳಿಸಿಕೊಳ್ಳಬೇಕಾದರೆ ಇನ್ನೂ 2 ಬಸ್ಸು, ಅದಕ್ಕೆ ತಕ್ಕ ಚಾಲಕರು, ನಿರ್ವಾಹಕರು ಬೇಕಾಗುತ್ತಾರೆ. ಆದ್ದರಿಂದ ವೃತ್ತದಲ್ಲಿ ಬಸ್ಸಿಗೆ ಮೊದಲು ದಾರಿ ಬಿಡಿಸಿಕೊಡುವುದು ಹೊಸ ಬಸ್ಸು ಕೊಂಡಷ್ಟೇ ಫಲ ಕೊಡುತ್ತದೆ, ಖರ್ಚು ಮಾತ್ರ ಅದರ ಹತ್ತಿರಕ್ಕೂ ಬರುವುದಿಲ್ಲ. 2019ರಲ್ಲಿ ಹೊರವರ್ತುಲ ರಸ್ತೆಯ ಸಿಲ್ಕ್ ಬೋರ್ಡ್ ಕಡೆಯಲ್ಲಿ ಬಸ್ಸಿಗೆಂದೇ ಪಥ ಬಿಡಿಸಿದ್ದರು; ಮೆಟ್ರೋ ಕಾಮಗಾರಿ ಬಂದ ಮೇಲೆ ಅದು ಉಳಿಯಲಿಲ್ಲ. ಅಂಥದ್ದನ್ನು ಹೊರವಲಯದ ನಾಲ್ಕಾರು ಇಕ್ಕಟ್ಟಿನ ಜಾಗಗಳಲ್ಲಾದರೂ ಕೇಳಿ ಪಡೆಯಬೇಕು.

ಉತ್ತರ 2 – ಬ್ರಾಂಪ್ಟನ್ ಕನ್ನಡಿಗ

ಟೊರಾಂಟೋ ಪಕ್ಕದ ಬ್ರಾಂಪ್ಟನ್‌ನಲ್ಲಿ ನಾನು ವಾಸವಾಗಿದ್ದೇನೆ. ಇದು ಕಾರಿಗಾಗಿಯೇ ಕಟ್ಟಿದ ಊರು: ಒಳರಸ್ತೆಗಳೆಲ್ಲ ಸುರುಳಿ ಸುತ್ತಿ ಎಲ್ಲೋ ಮುಗಿದುಹೋಗುತ್ತವೆ, ಮನೆಗಳ ಹಿತ್ತಿಲ ಬೇಲಿಗಳು ಮುಖ್ಯ ರಸ್ತೆಗೆ ಬೆನ್ನು ಹಾಕಿ ನಿಂತಿರುತ್ತವೆ. ಆದರೂ ಇಲ್ಲಿ ಬಸ್ಸುಗಳು ತುಂಬಿ ಓಡುತ್ತವೆ. ಹಳೆಯ ಭೂಮಾಪನದಿಂದ ಉಳಿದ ಮುಖ್ಯ ರಸ್ತೆಗಳು ಸುಮಾರು 1.4 ಕಿಲೋಮೀಟರಿಗೊಂದರಂತೆ ಚೌಕಟ್ಟಾಗಿ ಹಾದುಹೋಗಿವೆ; ಬಸ್ಸುಗಳು ಆ ರಸ್ತೆಗಳ ಮೇಲೆಯೇ ನೇರವಾಗಿ ಸಾಗುತ್ತವೆ. 2010ರಲ್ಲಿ ಕ್ವೀನ್ ಸ್ಟ್ರೀಟ್‌ನಲ್ಲಿ ‘ಝೂಮ್’ ಎಂಬ ವೇಗದ ಸೇವೆ ಆರಂಭಿಸಿದಾಗಲೂ ಇದೇ ಕ್ರಮವನ್ನು ಅನುಸರಿಸಿದರು. ಒಂದು ಸಲ ಹಣ ಕೊಟ್ಟರೆ ಎರಡು ಗಂಟೆಯವರೆಗೆ ಬಸ್ಸು ಬದಲಾಯಿಸಬಹುದು. 2024ರ ಫೆಬ್ರುವರಿಯಿಂದ ಅದೇ ಹಣದಲ್ಲಿ ಟೊರಾಂಟೋದ ಬಸ್ಸು, ಸಬ್‌ವೇಗಳಿಗೂ ಬದಲಾಯಿಸಿಕೊಳ್ಳಬಹುದು.

ಗೇಟಿಗೇ ಬರುವ ಗಾಡಿಯ ಆಸೆಗೆ ಇಲ್ಲಿನದೇ ಇನ್ನೊಂದು ಉದಾಹರಣೆಯಿದೆ. ಉತ್ತರದ ಇನ್ನಿಸ್‌ಫಿಲ್ ಎಂಬ ಊರು 2017ರಲ್ಲಿ ಬಸ್ಸಿನ ಬದಲು ಊಬರ್ ಪ್ರಯಾಣಕ್ಕೆ ಸಹಾಯಧನ ಕೊಡಲಾರಂಭಿಸಿತು. ಜನ ಮೆಚ್ಚಿ ಬಳಸಿದರು, ಬಳಸಿದಷ್ಟೂ ಊರಿನ ಖರ್ಚು ಏರಿತು. 2019ರಲ್ಲಿ ದರ ಹೆಚ್ಚಿಸಿ, ತಿಂಗಳಿಗೆ ಇಷ್ಟೇ ಪ್ರಯಾಣವೆಂದು ಮಿತಿ ಹಾಕಬೇಕಾಯಿತು. ದೊಡ್ಡ ಬಸ್ಸಿಗೆ ಹತ್ತು ಜನ ಹೆಚ್ಚು ಹತ್ತಿದರೆ ಖರ್ಚು ಏರುವುದಿಲ್ಲ. ಮನೆಬಾಗಿಲ ಗಾಡಿಗಾದರೆ ಹತ್ತಿದ ಪ್ರತಿಯೊಬ್ಬರೂ ಹೊಸ ಖರ್ಚು. ಅಂಗವಿಕಲರಿಗೂ ತೀರಾ ವಯಸ್ಸಾದವರಿಗೂ ಅಂಥ ಗಾಡಿ ಬೇಕೇ ಬೇಕು, ಆದರೆ ಊರಿಗೆಲ್ಲ ಅದನ್ನೇ ಸಾರಿಗೆಯೆಂದು ನಂಬುವುದು ತರವಲ್ಲ.

ಉತ್ತರ 3 – ಗುಂಜೂರಿನಿಂದ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ಮುಖ್ಯ ರಸ್ತೆಗೆ ನಡೆದು ಬರುವ ದಾರಿಯ ವಿಚಾರವನ್ನು ಇಬ್ಬರೂ ಮುಟ್ಟಲಿಲ್ಲ. ನಮ್ಮ ಬಡಾವಣೆಯ ಹಿಂದಿನ ಗೋಡೆಯಾಚೆಗೇ ಬಸ್ ನಿಲ್ದಾಣವಿದೆ. ಗೋಡೆಗೆ ಬಾಗಿಲಿಲ್ಲದ ಕಾರಣ ಮುಂದಿನ ಗೇಟಿನಿಂದ ಹೊರಟು, ಕಾಲುದಾರಿಯಿಲ್ಲದ ರಸ್ತೆಯಂಚಿನಲ್ಲಿ, ತೆರೆದ ಚರಂಡಿಯನ್ನೂ ಜಲ್ಲಿ ಲಾರಿಗಳನ್ನೂ ತಪ್ಪಿಸಿಕೊಂಡು ಸುತ್ತಿ ಬರಬೇಕು. ಮಳೆಗಾಲದಲ್ಲಿ ಮಕ್ಕಳನ್ನು ಹಾಗೆ ಕಳುಹಿಸಲು ಯಾವ ತಾಯಿಯ ಮನಸ್ಸೂ ಒಪ್ಪುವುದಿಲ್ಲ. ಒಂದು ಸಣ್ಣ ಬಾಗಿಲು, ಒಬ್ಬ ಕಾವಲುಗಾರ, ಎರಡು ದೀಪ: ಇಷ್ಟಕ್ಕೆ ಯಾವ ಇಲಾಖೆಯ ಅಪ್ಪಣೆಗೂ ಕಾಯಬೇಕಾಗಿಲ್ಲ, ಸಂಘವೇ ಮಾಡಿಸಬಹುದು.

ಮನವಿಗೆ ಸಹಿ ಹಾಕುವವರು ಯಾರೆಂಬುದನ್ನೂ ಯೋಚಿಸಿ. ಈಗಾಗಲೇ ಬಸ್ಸು ಹತ್ತುತ್ತಿರುವವರು ನಮ್ಮ ಮನೆಗೆಲಸದವರು, ಸೆಕ್ಯೂರಿಟಿಯವರು, ಬೊಮ್ಮಸಂದ್ರ, ಜಿಗಣಿಯ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗುವವರು. ಶಕ್ತಿ ಯೋಜನೆಯಿಂದಾಗಿ 2023ರ ಜೂನ್‌ನಿಂದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ. ಆದ್ದರಿಂದ ಎರಡು ಬಸ್ಸು ಬದಲಾಯಿಸಿದರೂ ಅವರಿಗೆ ಹೊರೆಯಾಗುವುದು ಕಾಯುವಿಕೆ ಮಾತ್ರ. ಪಾಸ್ ಇಲ್ಲದ ಗಂಡಸರು ಪ್ರತಿ ಬಸ್ಸಿಗೂ ಬೇರೆ ಟಿಕೆಟ್ ಕೊಳ್ಳಬೇಕು, ಮೆಟ್ರೋಗೆ ಮತ್ತೆ ಬೇರೆ. ಬೆಳಗಿನ ಮೊದಲ ಪಾಳಿಗೂ ರಾತ್ರಿಯ ಕೊನೆಯ ಮೆಟ್ರೋಗೂ ಹೊಂದುವ ಬಸ್ಸು ಬೇಕೆಂದು ಅವರೊಂದಿಗೆ ಕುಳಿತು ಬರೆಯಿರಿ.

ದೊಮ್ಮಸಂದ್ರ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಕಡುಗೋಡಿ, ವರ್ತೂರು, ಗುಂಜೂರು, ದೊಮ್ಮಸಂದ್ರ, ಚಂದಾಪುರಗಳ ಮೂಲಕ ಬೊಮ್ಮಸಂದ್ರಕ್ಕೆ ಒಂದೇ ನೇರ ಮಾರ್ಗ ಕೇಳಿದರೆ ಹೇಗೆ? ಎರಡೂ ಮೆಟ್ರೋಗಳು ಅದರಲ್ಲೇ ಸಿಗುತ್ತವೆ.

ನಿವೃತ್ತ ಸಂಚಾರ ನಿಯಂತ್ರಕ

ನಕ್ಷೆಯ ಮೇಲೆ ಚೆನ್ನಾಗಿದೆ. ಆದರೆ ಅಷ್ಟು ಉದ್ದದ ಮಾರ್ಗದಲ್ಲಿ ವರ್ತೂರಿನಲ್ಲಾದ ತಡ ಚಂದಾಪುರದಲ್ಲಿ ಕಾಯುವವರ ತಲೆಗೆ ಬರುತ್ತದೆ, ಬಸ್ಸುಗಳು ಎರಡೆರಡು ಒಟ್ಟಿಗೆ ಬರಲಾರಂಭಿಸುತ್ತವೆ. ದೊಮ್ಮಸಂದ್ರದಲ್ಲಿ ತುಂಡು ಮಾಡಿ ಎರಡು ಮಾರ್ಗಗಳನ್ನು ಕೇಳಿ. ಎರಡೂ ಒಂದೇ ನಿಲ್ದಾಣದಲ್ಲಿ, ಒಂದೇ ಸೂರಿನಡಿ ನಿಲ್ಲಲಿ ಎಂದು ಸ್ಪಷ್ಟವಾಗಿ ಬರೆಯಿರಿ. ವೇಳಾಪಟ್ಟಿಯ ಕರಡು ಮಾಡಿದರೆ ಇಲ್ಲಿ ಹಾಕಿ, ನೋಡಿ ತಿದ್ದಿಕೊಡುತ್ತೇನೆ.